ಗ್ಯಾರೇಜಿಗೆ ಈಚೆಗೆ ಏನು ಕೊಂಡಿರಿ? ನನ್ನ ಪಟ್ಟಿ, ಜೊತೆಗೆ ತಲೆ ಸವೆದ ಎರಡು ಸ್ಕ್ರೂಗಳ ಪ್ರಶ್ನೆ

ಸಪ್ತಾಪುರದ ಶೆಡ್ಡು, ಧಾರವಾಡ

ಕಾರು ಮಗನ ಜೊತೆ ಪುಣೆಗೆ ಹೋಯಿತು, ಶೆಡ್ಡು ನನ್ನ ಪಾಲಿಗೆ ಉಳಿಯಿತು. ಈಗ ಅಲ್ಲಿ ಯಮಾಹಾ ಕಂಪನಿಯ ಬೈಕು, 1991ರ ಆರ್‌ಎಕ್ಸ್ 100 ನಿಂತಿದೆ. ಗೋಡೆಗೆ ತಾಗಿಸಿ, ಹಳೆಯ ಬಾಗಿಲಿನ ಹಲಗೆಯಿಂದ ಮಾಡಿಸಿದ ಒಂದು ಮೇಜಿದೆ. ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಏನು ಕೊಂಡರೂ ವಹಿಯಲ್ಲಿ ಬರೆಯುತ್ತೇನೆ, ಪಕ್ಕದಲ್ಲಿ ಕಾರಣವನ್ನೂ ಬರೆಯುತ್ತೇನೆ. ಮನೆಯವರು ಮೊತ್ತವನ್ನು ಮಾತ್ರ ಓದುತ್ತಾರೆ.

ಈ ಮಳೆಗಾಲದಲ್ಲಿ ಕೊಂಡದ್ದನ್ನು ಹೇಳುತ್ತೇನೆ. ನೀವು ಕೊಂಡದ್ದನ್ನೂ ಹೇಳಿ. ಬೆಲೆಗಿಂತ, ಅದನ್ನೇ ಏಕೆ ಕೊಂಡಿರಿ ಎಂದು ತಿಳಿಯುವ ಆಸೆ ನನಗೆ.

ಮೊದಲು ಪಾನಾಗಳು, ಅಂದರೆ ಸ್ಪ್ಯಾನರುಗಳು. ಹುಬ್ಬಳ್ಳಿಯ ಅಂಗಡಿಯವರು ಎಂಟು ಪಾನಾಗಳ ಸೆಟ್ಟನ್ನು ಮುಂದಿಟ್ಟು, "ಎಲ್ಲರೂ ಇದನ್ನೇ ಒಯ್ಯುತ್ತಾರೆ ಸರ್" ಎಂದರು. ಬಾಯಿಗಳ ಅಳತೆ ಎಂಎಂ ಲೆಕ್ಕದಲ್ಲಿ 6-7, 8-9, 10-11, 12-13, 14-15, 16-17, 18-19, 20-22. ನನ್ನ ಜೇಬಿನಲ್ಲಿ ಚೀಟಿ ಇತ್ತು. ಗಾಡಿಯ ಒಂದೊಂದೇ ಬೋಲ್ಟಿನ ತಲೆ ಅಳೆದು ಬರೆದುಕೊಂಡದ್ದು: 8, 10, 12, 14, 17, 19. ಅಂದರೆ ಆ ಸೆಟ್ಟಿನ ಹದಿನಾರು ಬಾಯಿಗಳಲ್ಲಿ ಹತ್ತು ಬಾಯಿಗಳಿಗೆ ನನ್ನ ಶೆಡ್ಡಿನಲ್ಲಿ ಕೆಲಸವೇ ಇಲ್ಲ. ಎಂಟು ಎಂಎಂ ಬೋಲ್ಟಿಗೆ ಸಾಮಾನ್ಯವಾಗಿ 13ರ ತಲೆ ಇರುತ್ತದೆ, ಜಪಾನಿ ವಿನ್ಯಾಸದ ಗಾಡಿಗಳಲ್ಲಿ ಅದೇ ಬೋಲ್ಟಿಗೆ 12ರ ತಲೆ. ಹಾಗಾಗಿ ನಾನು ಬಿಡಿ ಪಾನಾಗಳನ್ನೇ ಕೇಳಿದೆ. ಒಂದು ಬದಿ ರಿಂಗ್, ಇನ್ನೊಂದು ಬದಿ ತೆರೆದ ಬಾಯಿ ಇರುವ ಕಾಂಬಿನೇಶನ್ ಪಾನಾಗಳು, ನಾಸಿಕದ ತಪಾರಿಯಾ ಕಂಪನಿಯವು. 12ರದು ಮಾತ್ರ ಎರಡು, ಏಕೆಂದರೆ ಬೋಲ್ಟನ್ನು ಒಂದು ಹಿಡಿದರೆ ನಟ್ಟನ್ನು ಇನ್ನೊಂದು ತಿರುಗಿಸಬೇಕು. ಅಂಗಡಿಯವರ ಮುಖ ಸ್ವಲ್ಪ ಸಪ್ಪಗಾಯಿತು, ಆದರೂ ಕೊಟ್ಟರು.

ಎರಡನೆಯದು ಹೊಗಳಲೇಬೇಕಾದ ವಸ್ತು. ಜಪಾನಿನ ವೆಸೆಲ್ ಕಂಪನಿಯ ಸ್ಕ್ರೂಡ್ರೈವರ್, 2ನೇ ನಂಬರಿನ ತುದಿಯದು. ನಮ್ಮಲ್ಲಿ ಸ್ಟಾರ್ ಎಂದು ಮಾರುವುದು ಬಹುತೇಕ ಪ್ಲಸ್ ಆಕಾರದ ಫಿಲಿಪ್ಸ್ ತುದಿ. ಜಪಾನಿ ಗಾಡಿಗಳ ಸ್ಕ್ರೂ ನೋಡಲು ಅದರಂತೆಯೇ ಇದ್ದರೂ ಅವರ ಜೆಐಎಸ್ (ಜಪಾನಿನ ಕೈಗಾರಿಕಾ ಮಾನಕ) ಅಳತೆ ಬೇರೆ. ಫಿಲಿಪ್ಸ್ ತುದಿ ಅದರಲ್ಲಿ ಪೂರ್ತಿ ಕೂರದೆ ತಳಕ್ಕೆ ತಾಗಿ ನಿಲ್ಲುತ್ತದೆ, ಬಲ ಹಾಕಿದರೆ ಮೇಲಕ್ಕೆ ಜಾರುತ್ತದೆ, ಜಾರುವಾಗ ಸ್ಕ್ರೂವಿನ ಅಂಚನ್ನು ಕೆತ್ತಿಕೊಂಡೇ ಬರುತ್ತದೆ. ಜಪಾನಿನ ಸ್ಕ್ರೂ ಆದರೆ ತಲೆಯ ಮೇಲೆ ಬಹಳ ಕಡೆ ಒಂದು ಚಿಕ್ಕ ಚುಕ್ಕೆ ಇರುತ್ತದೆ, ಅದೇ ಗುರುತು. ಕಾರ್ಬ್ಯುರೇಟರಿನ ಸ್ಕ್ರೂಗೆ ಈ ಹೊಸ ತುದಿಯನ್ನು ಒತ್ತಿ ಕೈ ಬಿಟ್ಟೆ. ಅಡ್ಡಲಾಗಿ ಹಾಗೆಯೇ ನಿಂತುಕೊಂಡಿತು! ಹಳೆಯ ಸ್ಕ್ರೂಡ್ರೈವರನ್ನು ಅದೇ ಕುಳಿಗೆ ಇಟ್ಟರೆ ಹಿಡಿ ಜೋತು ನೆಲಕ್ಕೆ ಬಿತ್ತು.

ಇನ್ನು ಪ್ರಶ್ನೆ. ಬಲಬದಿಯ ಕ್ಲಚ್ ಕವರಿನ ಸ್ಕ್ರೂಗಳಲ್ಲಿ ಎರಡರ ತಲೆಯನ್ನು ನನಗಿಂತ ಮುಂಚೆ ಯಾರೋ ಪುಣ್ಯಾತ್ಮರು ಪೂರ್ತಿ ಸವೆಸಿಟ್ಟಿದ್ದಾರೆ. ಅಡ್ಡಗೆರೆಗಳೇ ಉಳಿದಿಲ್ಲ, ದುಂಡನೆಯ ಗುಂಡಿ ಅಷ್ಟೇ. ಹೊಸ ಸ್ಕ್ರೂಡ್ರೈವರಿಗೆ ಹಿಡಿತ ಸಿಗುತ್ತಿಲ್ಲ. ಹೇಗೆ ತೆಗೆಯುವುದು?

ಇನ್ನೊಂದು ಮಾತು. ದೀಪಾವಳಿಯ ತನಕ ವಹಿಯಲ್ಲಿ ಒಂದೇ ದೊಡ್ಡ ಖರೀದಿಗೆ ಜಾಗವಿದೆ. ಎಷ್ಟು ಬಲದಿಂದ ಬಿಗಿಯುತ್ತಿದ್ದೇವೆ ಎಂದು ಅಳೆಯುವ ಟಾರ್ಕ್ ರೆಂಚ್ ಕೊಳ್ಳಲೋ, ಸಾಮಾನನ್ನು ದವಡೆಯಲ್ಲಿ ಕಚ್ಚಿ ಹಿಡಿಯುವ ಬೆಂಚ್ ವೈಸ್ ಕೊಳ್ಳಲೋ?

ಟೂ-ಸ್ಟ್ರೋಕ್, ರಾಣೆಬೆನ್ನೂರು

ಸರ್, ನನ್ನದೂ ಆರ್‌ಎಕ್ಸ್ 100. ಆ ಸ್ಕ್ರೂಗಳ ಗೋಳೇ ಬೇಡ. ಎಲ್ಲವನ್ನೂ ಕಿತ್ತು ಹಾಕಿ, 6 ಎಂಎಂ ಸ್ಟೇನ್‌ಲೆಸ್ ಎಲನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಕುಳಿ ಇರುವುದು) ಹಾಕಿಸಿ. 5ರ ಎಲನ್ ಕೀ ಒಂದಿದ್ದರೆ ಇಡೀ ಎಂಜಿನ್ ಬಿಚ್ಚಬಹುದು, ನೋಡಲೂ ಚೆಂದ. ನಾನು ಈಚೆಗೆ ಕೊಂಡದ್ದು ಅರ್ಧ ಇಂಚಿನ ಟಾರ್ಕ್ ರೆಂಚ್, 40ರಿಂದ 210 ನ್ಯೂಟನ್ ಮೀಟರಿನದು. ಹೊಂದಿಸಿಟ್ಟಷ್ಟು ಬಿಗಿಯಾಗಿ ಕಟಕ್ ಎಂದು ಸದ್ದು ಬಂದರೆ ಸಾಕು, ನಿಶ್ಚಿಂತೆ. ನನ್ನ ಮತ ಟಾರ್ಕ್ ರೆಂಚಿಗೆ.

ಹಳೆಯ ಫಿಟ್ಟರ್, ಹುಬ್ಬಳ್ಳಿ

ಗುರುಗಳಿಗೆ ನಮಸ್ಕಾರ. ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು ನಾನು. ಬೋಗಿಗಳ ಬೋಲ್ಟುಗಳ ಮುಂದೆ ನಿಮ್ಮ ಸ್ಕ್ರೂ ಸಣ್ಣದು, ಆದರೆ ಹಟ ಎರಡಕ್ಕೂ ಒಂದೇ. ಚೀಟಿ ಬರೆದುಕೊಂಡು ಅಂಗಡಿಗೆ ಹೋದಿರಲ್ಲ, ಅದನ್ನು ಓದಿ ಬಹಳ ಸಂತೋಷವಾಯಿತು.

ಮೊದಲು ರಾಣೆಬೆನ್ನೂರಿನ ತಮ್ಮನಿಗೆ ಒಂದು ಮಾತು. ನಿನ್ನ ರೆಂಚು ಒಳ್ಳೆಯದೇ, ಕಾರಿನ ಚಕ್ರಕ್ಕೆ. ಕ್ಲಚ್ ಕವರಿನ 6 ಎಂಎಂ ಬೋಲ್ಟಿಗೆ ಬೇಕಾದದ್ದು ಹತ್ತು ನ್ಯೂಟನ್ ಮೀಟರಿನ ಆಸುಪಾಸು, ಹಳೆಯ ಪುಸ್ತಕಗಳ ಲೆಕ್ಕದಲ್ಲಿ 1 ಕೆಜಿ ಮೀಟರ್. ನಿನ್ನ ರೆಂಚು 40ರಿಂದ ಎಣಿಸಲು ಶುರು ಮಾಡುತ್ತದೆ. ಅದು ಕಟಕ್ ಎನ್ನುವುದನ್ನು ಕಾಯುತ್ತ ಕುಳಿತರೆ ಅಷ್ಟರಲ್ಲಿ ಬೋಲ್ಟು ಕೂರುವ ತೂತಿನ ಅಲ್ಯೂಮಿನಿಯಮ್ಮಿನ ತಿರುಪಿನ ಎಳೆ ಹೊರಗೆ ಬಂದಿರುತ್ತದೆ. ಗುರುಗಳೇ, ಮುಂದೆ ಎಂದಾದರೂ ಕೊಳ್ಳುವುದಾದರೆ ಕಾಲು ಇಂಚಿನ ಡ್ರೈವ್ ಇರುವ, 5ರಿಂದ 25ರ ರೆಂಚು ಕೊಳ್ಳಿ. ಕೆಲಸ ಮುಗಿದ ಮೇಲೆ ಅದನ್ನು ಅತಿ ಕಡಿಮೆ ಗುರುತಿಗೆ ಇಳಿಸಿ ಇಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ. ಬಿಗಿದ ಬೋಲ್ಟನ್ನು ಬಿಚ್ಚಲು ಅದನ್ನು ಬಳಸಬಾರದು. ಸ್ಪಾರ್ಕ್ ಪ್ಲಗ್ಗಿಗಂತೂ ಅದರ ಅಗತ್ಯವೇ ಇಲ್ಲ. ವಾಷರ್ ಇರುವ ಹೊಸ ಪ್ಲಗ್ಗನ್ನು ಕೈಯಿಂದ ಕೂರುವ ತನಕ ತಿರುಗಿಸಿ, ಆಮೇಲೆ 21ರ ಪಾನಾದಿಂದ ಅರ್ಧ ಸುತ್ತು. ಹಳೆಯ ಪ್ಲಗ್ಗನ್ನೇ ಮತ್ತೆ ಹಾಕುವುದಾದರೆ ಸುತ್ತಿನ ಹನ್ನೆರಡನೇ ಒಂದು ಭಾಗ ಸಾಕು.

ಈಗ ಆ ಎರಡು ಸ್ಕ್ರೂಗಳು. ಗೇರ್ ಆಯಿಲ್ ಇಳಿಸಿಕೊಳ್ಳಿ. ಸ್ಕ್ರೂವಿನ ತಲೆಗೆ ಸರಿಹೊಂದುವ ಪಂಚ್ ಇಟ್ಟು ಸುತ್ತಿಗೆಯಿಂದ ನಾಲ್ಕಾರು ಚಿಕ್ಕ ಏಟು ಹಾಕಿ. ಅದು ಸಿಟ್ಟಿನ ಏಟಲ್ಲ. ಉಕ್ಕು ಮತ್ತು ಅಲ್ಯೂಮಿನಿಯಂ ಮಳೆನೀರಿನ ಪಸೆಯಲ್ಲಿ ವರ್ಷಗಟ್ಟಲೆ ಕೂಡಿ ಎಳೆಗಳ ನಡುವೆ ಬಿಳಿ ಪುಡಿ ಕಟ್ಟಿರುತ್ತದೆ, ಅದು ಬಿರಿಯಬೇಕು. ಅದೇ ಏಟಿಗೆ ಗುಂಡಿಯ ಅಂಚೂ ಸ್ವಲ್ಪ ಒಳಕ್ಕೆ ಕೂಡಿಕೊಳ್ಳುತ್ತದೆ. ಆಮೇಲೆ ಬಿಸಿಗಾಳಿಯ ಗನ್ನಿನಿಂದ ಕವರನ್ನು ಕಾಯಿಸಿ. ಬೆಂಕಿ ಬೇಡ, ಮೇಲೆ ಪೆಟ್ರೋಲ್ ಟ್ಯಾಂಕಿದೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಇಮ್ಮಡಿ ಹಿಗ್ಗುತ್ತದೆ, ಹಿಡಿತ ಸಡಿಲುತ್ತದೆ. ನಿಮ್ಮ ಜಪಾನಿ ಸ್ಕ್ರೂಡ್ರೈವರಿನ ತುದಿಗೆ ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟ್ ಒಂದು ಚೂರು ಹಚ್ಚಿ. ಅದರ ಮರಳಿನಂಥ ಕಣಗಳು ತುದಿಗೂ ಗುಂಡಿಗೂ ನಡುವೆ ಕಚ್ಚಿಕೊಳ್ಳುತ್ತವೆ. ಇಡೀ ಮೈಭಾರ ಹಾಕಿ ಒತ್ತಿ, ನಿಧಾನವಾಗಿ ತಿರುಗಿಸಿ.

ಆದರೂ ಬರಲಿಲ್ಲವೆಂದರೆ ಇಂಪ್ಯಾಕ್ಟ್ ಡ್ರೈವರ್. ಸುತ್ತಿಗೆಯಿಂದ ಹಿಂಬದಿಗೆ ಹೊಡೆದರೆ ತುದಿ ಒತ್ತಿಕೊಂಡೇ ಒಂದಿಷ್ಟು ತಿರುಗುವ ಸಾಧನ ಅದು. ಹೊಡೆಯುವ ಮುಂಚೆ ಅದು ಬಿಚ್ಚುವ ದಿಕ್ಕಿಗೆ ಇದೆಯೇ ಎಂದು ಗಾಳಿಯಲ್ಲಿ ಒಮ್ಮೆ ತಿರುಗಿಸಿ ನೋಡಿಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ತಲೆಯನ್ನೇ ಡ್ರಿಲ್ಲಿನಿಂದ ಹಾರಿಸಿಬಿಡಿ, 6 ಎಂಎಂಗಿಂತ ಒಂದು ಕೂದಲು ದೊಡ್ಡ ಬಿಟ್ಟಿನಿಂದ. ಇದಕ್ಕೆ ಜನ ಹೆದರುತ್ತಾರೆ, ಹೆದರಬಾರದು. ತಲೆ ಹೋದೊಡನೆ ಎಳೆತವೂ ಹೋಗುತ್ತದೆ. ಕವರ್ ಹೊರಬರುತ್ತದೆ, ಸ್ಕ್ರೂವಿನ ಮೋಟು ಹೊರಗೆ ಇಣುಕುತ್ತದೆ. ಅದನ್ನು ಲಾಕಿಂಗ್ ಪಕ್ಕಡಿನಿಂದ ಹಿಡಿದರೆ ಬಹಳ ಸಲ ಸರಾಗವಾಗಿ ತಿರುಗಿ ಬರುತ್ತದೆ.

ಎಲನ್ ಬೋಲ್ಟ್ ಹಾಕಲು ನನ್ನ ಅಡ್ಡಿಯಿಲ್ಲ. ಆದರೆ ಉದ್ದ ಹಿಡಿಯ ಕೀಲಿ ಕೈಗೆ ಬಂತೆಂದರೆ ಮನುಷ್ಯ ಅತಿಯಾಗಿ ಬಿಗಿಯುತ್ತಾನೆ. ಮೊದಲಿನ ಸ್ಕ್ರೂ ತಲೆಯನ್ನು ಕಳೆದುಕೊಳ್ಳುತ್ತಿತ್ತು, ಎಲನ್ ಬೋಲ್ಟ್ ಎಂಜಿನ್ನಿನ ಎಳೆಯನ್ನೇ ಕೀಳುತ್ತದೆ. ಯಾವುದರಲ್ಲಿ ಖರ್ಚು ಕಡಿಮೆ ಎಂಬ ಲೆಕ್ಕ ನಿಮಗೆ ಬಿಟ್ಟದ್ದು. ಹಾಕಿದರೆ ಎಳೆಗೆ ಆ್ಯಂಟಿ-ಸೀಜ್ (ಎಳೆ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಿ, ಕೀಲಿಯ ಗಿಡ್ಡ ತೋಳನ್ನು ಹಿಡಿದು ಬಿಗಿಯಿರಿ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ವೈಸ್. ಯೋಚಿಸುವ ಮಾತೇ ಇಲ್ಲ. ವೈಸ್ ಇಲ್ಲದ ಮೇಜು ಊಟಕ್ಕೆ ಸರಿ. ನಾಲ್ಕು ಇಂಚಿನ ದವಡೆ ನಿಮಗೆ ಸಾಕು. ಹಳೆಯದು ಸಿಕ್ಕರೆ ಬಿಡಬೇಡಿ, ಆದರೆ ನೋಡಿ ಕೊಳ್ಳಿ. ದವಡೆಯ ನಡುವೆ ತೆಳ್ಳನೆಯ ಕಾಗದ ಇಟ್ಟು ಮುಚ್ಚಿ, ಎಡಬಲ ಎರಡೂ ಕಡೆ ಎಳೆದು ನೋಡಿ. ಒಂದು ಬದಿ ಹಿಡಿದು ಇನ್ನೊಂದು ಬದಿ ಬಿಟ್ಟರೆ ಜಾರುದಾರಿ ಸವೆದಿದೆ ಎಂದರ್ಥ. ಮೈಮೇಲೆ ವೆಲ್ಡಿಂಗ್ ಮಾಡಿದ ಗುರುತಿದ್ದರೆ ಕೈಮುಗಿದು ಬನ್ನಿ. ಬೀಡುಕಬ್ಬಿಣ ಒಮ್ಮೆ ಬಿರಿದರೆ ಬಿರಿದಂತೆಯೇ.

ಬೆಟಗೇರಿ ಉಳಿ, ಗದಗ

ಫಿಟ್ಟರ್ ಕಾಕಾ ಅವರ ಮಾತಿಗೆ ನನ್ನದೂ ಒಂದು ಮತ. ಅಜ್ಜ ಮಗ್ಗ ಹಾಕಿದ್ದ ಕೋಣೆಯೇ ಈಗ ನನ್ನ ಗ್ಯಾರೇಜು. ಸ್ಕೂಟಿಯೂ ಅಲ್ಲಿಯೇ, ಮರಗೆಲಸವೂ ಅಲ್ಲಿಯೇ. ವೈಸಿನ ದವಡೆಗೆ ಅಲ್ಯೂಮಿನಿಯಂ ಆ್ಯಂಗಲ್ಲಿನ ಎರಡು ತುಂಡು ಕತ್ತರಿಸಿ ಹೊದಿಸಿಟ್ಟುಕೊಳ್ಳಿ ಸರ್, ಹಿಡಿದ ಸಾಮಾನಿನ ಮೇಲೆ ಹಲ್ಲಿನ ಗುರುತು ಬೀಳುವುದಿಲ್ಲ.

ನನ್ನ ಖರೀದಿಯಲ್ಲಿ ಮೊದಲನೆಯದು ರ್‍ಯೋಬಾ ಎಂಬ ಜಪಾನಿ ಗರಗಸ. ಎರಡೂ ಅಂಚಿಗೆ ಹಲ್ಲು, ಒಂದು ಬದಿ ಮರದ ಎಳೆಯುದ್ದಕ್ಕೆ ಕೊಯ್ಯಲು, ಇನ್ನೊಂದು ಬದಿ ಅಡ್ಡಕ್ಕೆ. ನಮ್ಮ ಗರಗಸ ದೂಡುವಾಗ ಕೊಯ್ದರೆ ಇದು ಎಳೆಯುವಾಗ ಕೊಯ್ಯುತ್ತದೆ, ಆದ್ದರಿಂದ ಅಲಗು ಬಹಳ ತೆಳು. ಒಂದು ಕೊರತೆ ಮಾತ್ರ ಇದೆ. ಹಲ್ಲನ್ನು ಗಡುಸುಗೊಳಿಸಿದ್ದಾರೆ, ಅರದಿಂದ ಮಸೆಯಲು ಬರುವುದಿಲ್ಲ. ಮೊಂಡಾದರೆ ಅಲಗನ್ನೇ ಬದಲಿಸಬೇಕು. ನಮ್ಮ ಓಣಿಯ ಬಡಗಿ ಮಾವ ಅದನ್ನು ಹಿಡಿದು ನೋಡಿ, ಮಸೆಯಲಾಗದ ಹತ್ಯಾರನ್ನು ದುಡ್ಡು ಕೊಟ್ಟು ತಂದೆಯಾ ಎಂದು ನಕ್ಕರು. ಮರುದಿನ ಅವರೇ ಕಡ ಕೇಳಲು ಬಂದರು.

ಎರಡನೆಯದು 1000 (ಒರಟು) ಮತ್ತು 6000 (ನುಣುಪು) ಗ್ರಿಟ್ಟಿನ ಜೋಡಿ ಮಸೆಗಲ್ಲು, ನೀರಿನಲ್ಲಿ ನೆನೆಸಿ ಉಜ್ಜುವುದು. ತೇಗದಲ್ಲಿ ಸಿಲಿಕಾ ಇರುವುದರಿಂದ ಉಳಿಯ ಬಾಯಿ ಬೇಗ ಹೋಗುತ್ತದೆ, ಹೀಗಾಗಿ ಹೊಸ ಉಳಿಗಿಂತ ಒಳ್ಳೆಯ ಕಲ್ಲು ಮೊದಲು ಬೇಕು ಎನಿಸಿತು. ಗಟ್ಟಿ ಮರಕ್ಕೆ ಬಾಯಿಯ ಕೋನ 30 ಡಿಗ್ರಿ ಇಡುತ್ತೇನೆ. ಉಳಿಯ ಬೆನ್ನು ಮೊದಲು ಚಪ್ಪಟೆಯಾಗಬೇಕು. ಟ್ಯೂಬ್‌ಲೈಟಿನ ಗೆರೆ ಅದರಲ್ಲಿ ಮುರಿಯದೆ ಕಾಣುವ ತನಕ ಉಜ್ಜುತ್ತೇನೆ. ಸುತ್ತಿಗೆಯ ಹಿಡಿ ಮಾತ್ರ ಕೊಂಡದ್ದಲ್ಲ, ಹೊಲದ ಬದುವಿನ ಕರಿಜಾಲಿಯದು.

ಧಾರವಾಡದ ಮಳೆಗೆ ನೀವು ತುಕ್ಕಿನ ವಿಚಾರ ಕೇಳಲೇ ಇಲ್ಲವಲ್ಲ ಸರ್? ನಮ್ಮ ಗದಗಿನಲ್ಲಿ ತುಕ್ಕಿಗಿಂತ ಧೂಳಿನ ಕಾಟವೇ ಹೆಚ್ಚು.

ಸಪ್ತಾಪುರದ ಶೆಡ್ಡು, ಧಾರವಾಡ

ಎಲ್ಲರಿಗೂ ಧನ್ಯವಾದ. ಫಿಟ್ಟರ್ ಸಾಹೇಬರು ಹೇಳಿದ ಕ್ರಮದಲ್ಲಿಯೇ ಹೋದೆ. ಒಂದು ಸ್ಕ್ರೂ ಪೇಸ್ಟಿಗೇ ಬಗ್ಗಿತು. ಟಣ್ ಎಂದು ಒಂದು ಸದ್ದು, ಆಮೇಲೆ ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಇನ್ನೊಂದು ಇಂಪ್ಯಾಕ್ಟ್ ಡ್ರೈವರಿಗೂ ಜಗ್ಗಲಿಲ್ಲ, ತಲೆ ಹಾರಿಸಿದೆ. ಮೋಟು ನಿಜಕ್ಕೂ ಪಕ್ಕಡಿಗೆ ಸರಾಗವಾಗಿ ಬಂತು. ಎಳೆಗಳ ನಡುವೆ ಆ ಬಿಳಿ ಪುಡಿ ಉಪ್ಪಿನಂತೆ ಕೂತಿತ್ತು. ರಾಣೆಬೆನ್ನೂರಿನವರೇ, ಎಲನ್ ಬೋಲ್ಟುಗಳ ವಿಚಾರ ಸದ್ಯಕ್ಕೆ ತಡೆಹಿಡಿದಿದ್ದೇನೆ. ಅದೇ ಮಾದರಿಯ ಹೊಸ ಸ್ಕ್ರೂಗಳನ್ನು ತರಿಸಿದೆ, ಹೊಂದುವ ಸ್ಕ್ರೂಡ್ರೈವರ್ ನನ್ನ ಬಳಿ ಇದೆಯಲ್ಲ.

ವೈಸ್ ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿತು. ಕಾಗದದ ಪರೀಕ್ಷೆ ಮಾಡುತ್ತಿದ್ದರೆ ಅಂಗಡಿಯ ಹುಡುಗ, "ಸರ್, ಪರೀಕ್ಷೆಯಲ್ಲಿ ಪಾಸಾಯಿತೇ?" ಎಂದ. ಮೊದಲು ನೋಡಿದ್ದು ನಪಾಸಾಗಿತ್ತು, ಎರಡನೆಯದನ್ನು ತಂದೆ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಅದನ್ನು ಕಾಲ ಬಳಿ ಇಟ್ಟುಕೊಂಡು ಕುಳಿತವನನ್ನು ಪಕ್ಕದವರು ಉಣಕಲ್ ದಾಟುವ ತನಕ ನೋಡಿದರು. ವಹಿಯಲ್ಲಿ ಕಾರಣದ ಜಾಗದಲ್ಲಿ 'ರೈಲ್ವೆ ಇಲಾಖೆಯ ಸಲಹೆ' ಎಂದು ಬರೆದಿದ್ದೇನೆ.

ಬೆಟಗೇರಿಯ ತಂಗಿಗೆ: ತುಕ್ಕಿಗೆ ಹೊಲಿಗೆ ಯಂತ್ರದ ಎಣ್ಣೆ ಸವರಿದ ಬಟ್ಟೆಯಲ್ಲಿ ಒರೆಸಿ ಇಡುತ್ತೇನೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಬರಬರುತ್ತ ಅಂಟಾಗುತ್ತದೆ.

ಫಿಟ್ಟರ್ ಸಾಹೇಬರೇ, ಮೇಜಿನ ಮೇಲೆ ವೈಸನ್ನು ಎಲ್ಲಿ ಕೂರಿಸಲಿ?

ಹಳೆಯ ಫಿಟ್ಟರ್, ಹುಬ್ಬಳ್ಳಿ

ಮೇಜಿನ ಕಾಲಿನ ನೇರ ಮೇಲೆ. ನಡುವೆ ಕೂರಿಸಿದರೆ ಹಲಗೆ ಕುಣಿಯುತ್ತದೆ. ಕದಲದ ದವಡೆ ಮೇಜಿನ ಅಂಚಿನಿಂದ ಒಂದು ಬೆರಳು ಹೊರಗೆ ಬರಲಿ, ಆಗ ಉದ್ದನೆಯ ಪೈಪನ್ನು ನಿಲ್ಲಿಸಿಯೂ ಹಿಡಿಯಬಹುದು. ನೀವು ನೇರವಾಗಿ ನಿಂತು ಮೊಣಕೈ ಮಡಚಿದರೆ ಅದು ದವಡೆಯ ಮೇಲಂಚಿಗೆ ತಾಗಬೇಕು, ತಗ್ಗಾದರೆ ಕೆಳಗೆ ಮರದ ಹಲಗೆ ಕೊಡಿ. ಬಾಗಿಲಿನ ಹಲಗೆ ಎಂದಿರಿ, ಅದಕ್ಕೆ ಮರದ ಸ್ಕ್ರೂ ಸಾಲದು. ಆರಪಾರ ಬೋಲ್ಟ್ ಹಾಕಿ, ಕೆಳಗೆ ಅಗಲವಾದ ವಾಷರ್ ಕೊಡಿ. ಆ ಬೋಲ್ಟುಗಳ ತಲೆಗೆ ಯಾವ ಪಾನಾ ಬೇಕು ಎಂದು ಮೊದಲೇ ಅಳೆದುಕೊಳ್ಳಿ, 10 ಎಂಎಂ ಬೋಲ್ಟ್ ತಂದರೆ ಬಹುಶಃ 17 ಆಗುತ್ತದೆ. ಅದು ನಿಮ್ಮ ಚೀಟಿಯಲ್ಲಿದೆ.