ಕಾಫಿ ಮಾರುವ ಹೊತ್ತಿಗೆ ಮನಸ್ಸು ಹಿಂಜರಿಯುವುದೇಕೆ?

ಸೋಮವಾರಪೇಟೆ ಬೆಳೆಗಾರ:
ರೊಬಸ್ಟಾ ಚೆರ್ರಿ (ರೊಬಸ್ಟಾ ಜಾತಿಯ ಕಾಫಿ ಹಣ್ಣು) ಕಣದಲ್ಲಿ ಒಣಗಿ ಗೋದಾಮು ಸೇರಿದ ಮೇಲೆ ನಮ್ಮಲ್ಲಿ ಅನೇಕರದು ಒಂದೇ ಪಾಡು. ರೇಟು ಏರಿದರೆ ‘ಇನ್ನೂ ಏರಲಿ’, ಇಳಿದರೆ ‘ಹಳೇ ರೇಟಿಗೆ ಬರಲಿ’. ಅಷ್ಟರಲ್ಲಿ ಜೂನ್ ಮಳೆ ಹಿಡಿಯುತ್ತದೆ. ಮಾರುಕಟ್ಟೆಯ ಮಾತು ಇಲ್ಲಿ ಬೇಡ. ಆ ಹೊತ್ತಿಗೆ ತಲೆಯೊಳಗೆ ನಡೆಯುವುದೇನು, ಅದನ್ನು ಆಗಲೇ ಗುರುತಿಸಲು ದಾರಿ ಇದೆಯೇ?

ಮನಃಶಾಸ್ತ್ರ ಉಪನ್ಯಾಸಕಿ, ಮಡಿಕೇರಿ:
ಇಳಿದಾಗ ಮಾರಲು ಕೈ ಬಾರದಿರುವುದು ನಷ್ಟದ ನೋವಿನಿಂದ. ಮನಃಶಾಸ್ತ್ರಜ್ಞರಾದ ಕಾನಮನ್ ಮತ್ತು ಟ್ವರ್ಸ್ಕಿ 1979ರಲ್ಲಿ ವಿವರಿಸಿದ್ದು ಇದನ್ನೇ. ಮನಸ್ಸು ಎಲ್ಲೋ ಒಂದು ಗೂಟ ನೆಟ್ಟುಕೊಂಡು ಅಲ್ಲಿಂದ ಲಾಭ ನಷ್ಟ ಅಳೆಯುತ್ತದೆ. ಗೂಟದಿಂದ ಕೆಳಗೆ ಹೋದ ಸಾವಿರ ರೂಪಾಯಿಯ ನೋವು, ಮೇಲೆ ಸಿಕ್ಕ ಸಾವಿರದ ಖುಷಿಗಿಂತ ದೊಡ್ಡದು. ಆ ಹಂಗಾಮಿನ ಗರಿಷ್ಠ ರೇಟೇ ಗೂಟವಾಗಿಬಿಟ್ಟರೆ, ಖರ್ಚು ಕಳೆದು ಚೀಲಕ್ಕೆ ಒಳ್ಳೆ ಲಾಭ ಉಳಿಯುತ್ತಿದ್ದರೂ ಕಳೆದುಕೊಂಡಂತೆಯೇ ಅನಿಸುತ್ತದೆ. ಏರುವಾಗ ಕಾಡುವುದು ಬೇರೆ: ಮಾರಿದ ಮರುದಿನವೇ ಏರಿಬಿಟ್ಟರೆ ಎಂಬ ಅಂಜಿಕೆ.

ಹೀಗೆ ಕೇಳಿಕೊಳ್ಳಿ: ಗೋದಾಮು ಖಾಲಿಯಿದ್ದು ಅಷ್ಟೇ ದುಡ್ಡು ಕೈಯಲ್ಲಿದ್ದಿದ್ದರೆ, ಇವತ್ತಿನ ರೇಟಿಗೆ ಕಾಫಿ ಕೊಂಡು ಇಡುತ್ತಿದ್ದೆನೇ? ‘ಖಂಡಿತ ಇಲ್ಲ’ ಎಂದು ಬಂದರೆ ಕೈ ಕಟ್ಟಿರುವುದು ಗೂಟವೇ.

ಗೋಣಿಕೊಪ್ಪ ಕಣ:
ಮೇಡಂ, ಪ್ರಶ್ನೆ ಒಳ್ಳೆಯದು. ಆದರೆ ರೇಟು ಜಾರುವ ದಿನ ಅದು ನೆನಪಿಗೇ ಬರುವುದಿಲ್ಲ. ಬರೆದಿಡಬೇಕು. ಕೊಯ್ಲಿಗೆ ಮುಂಚೆಯೇ 50 ಕೆಜಿ ಚೀಲಕ್ಕೆ ಬೀಳುವ ಅಂದಾಜು ಖರ್ಚು ತೆಗೆಯಿರಿ: ಗೊಬ್ಬರ, ಸ್ಪ್ರಿಂಕ್ಲರ್ ಡೀಸೆಲ್, ಕಪಾತು (ಗಿಡದ ರೆಂಬೆ ಸವರುವುದು), ಕೊಯ್ಲು ಕೂಲಿ. ಗೂಟ ಅಲ್ಲಿ ನೆಡಿ. ಫಸಲನ್ನು ನಾಲ್ಕು ಪಾಲು ಮಾಡಿ ಒಂದೊಂದಕ್ಕೂ ಮಾರುವ ತಾರೀಕು ಹಾಕಿ. ಕೊನೆಯದು ಮೇ ದಾಟಬಾರದು. ಚೆರ್ರಿಯನ್ನು 11% ತೇವಕ್ಕೆ ಒಣಗಿಸಿದ್ದರೂ ನಮ್ಮ ಮಳೆಗಾಲದಲ್ಲಿ ಮತ್ತೆ ತೇವ ಎಳೆದು ಬೂಸ್ಟು ಬರುತ್ತದೆ.

ಮಾರಿದ ದಿನವೂ, ಮಾರದೆ ಬಿಟ್ಟ ದಿನವೂ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು: ರೇಟು, ಕಾರಣ, ಆಗಿನ ಭಾವ, ಏನಾದರೆ ಮನಸ್ಸು ಬದಲಿಸುತ್ತೇನೆ. ಭಾವದ ಜಾಗದಲ್ಲಿ ‘ಬೇಜಾರು’ ಎಂದಷ್ಟೇ ಗೀಚಿದರೆ ಉಪಯೋಗವಿಲ್ಲ. ‘ಪಕ್ಕದ ತೋಟದವರಿಗೆ ಜಾಸ್ತಿ ಸಿಕ್ಕಿತು, ಹೊಟ್ಟೆಕಿಚ್ಚು’ ಎನ್ನುವಷ್ಟು ಬಿಡಿಸಿ ಬರೆಯಿರಿ.

ಸೋಮವಾರಪೇಟೆ ಬೆಳೆಗಾರ:
ವಾರವಾರ ಕೂಲಿ ಬಟವಾಡೆ ಮಾಡಬೇಕಾದ ಸಣ್ಣ ಬೆಳೆಗಾರರಿಗೆ ನಾಲ್ಕು ಪಾಲು ಆಗುತ್ತದೆಯೇ? ಬರೆದದ್ದನ್ನು ಓದುವುದು ಯಾವಾಗ?

ಮನಃಶಾಸ್ತ್ರ ಉಪನ್ಯಾಸಕಿ, ಮಡಿಕೇರಿ:
ಕೂಲಿಗೆ, ಸಾಲದ ಕಂತಿಗೆ ಬೇಕಾದಷ್ಟು ಚೀಲ ಮೊದಲೇ ತೆಗೆದಿಡಿ, ಅದರಲ್ಲಿ ರೇಟಿನ ಯೋಚನೆ ಬೇಡ. ಉಳಿದದ್ದು ಎರಡೇ ಪಾಲಾದರೂ ಸಾಕು.

ನೋಟ್‌ಬುಕ್ ಓದಲು ಮಳೆಗಾಲವೇ ಸರಿ, ಆದರೆ ಆಗ ಒಂದಕ್ಷರವನ್ನೂ ತಿದ್ದಬೇಡಿ. ಫಲಿತಾಂಶ ತಿಳಿದ ಮೇಲೆ ‘ನನಗೆ ಮೊದಲೇ ಗೊತ್ತಿತ್ತು’ ಎಂದು ನೆನಪು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಮನಃಶಾಸ್ತ್ರಜ್ಞ ಫಿಶ್‌ಹಾಫ್ 1975ರಲ್ಲೇ ಇದನ್ನು ಪ್ರಯೋಗದಿಂದ ತೋರಿಸಿದ್ದರು. ಒಳ್ಳೆ ರೇಟು ಸಿಕ್ಕಿತೇ ಎಂದು ಹುಡುಕುವ ಬದಲು ಯಾವ ಭಾವ ಎಷ್ಟು ಸಲ ಬಂದಿದೆ ಎಂದು ಎಣಿಸಿ.

ಎರಡು ವಾರದಿಂದ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದಾದರೆ ನೋಟ್‌ಬುಕ್ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.