ಭಾನುವಾರ ಸಂಜೆಯಾದರೆ ಎದೆ ಬಡಿದುಕೊಳ್ಳುತ್ತದೆ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ (ಹಾಸನ, ಕಿರುಸಾಲ ಸಂಸ್ಥೆಯ ಫೀಲ್ಡ್ ಆಫೀಸರ್):

ಬೆಳಿಗ್ಗೆ ಏಳಕ್ಕೆ ಹಳ್ಳಿಯಲ್ಲಿ ಸಂಘದ ಮೀಟಿಂಗ್ ನಡೆಸಿ ವಾರದ ಕಂತು ವಸೂಲಿ ಮಾಡುವುದು, ಕಟ್ಟದವರ ಮನೆಗೆ ಸಂಜೆ ಮತ್ತೆ ಹೋಗುವುದು, ರಾತ್ರಿ ಲೆಕ್ಕ ಹೊಂದಿಸುವುದು ನನ್ನ ಕೆಲಸ. ಕೆಲವು ತಿಂಗಳುಗಳಿಂದ ಭಾನುವಾರ ಸಂಜೆಯಾದೊಡನೆ ಎದೆ ಬಡಿದುಕೊಳ್ಳುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಹೆಂಡತಿ ಮಾತನಾಡಿಸಿದರೆ ಸಿಡುಕುತ್ತೇನೆ. ಇದು ಕೆಲಸದ ದಣಿವೋ ಕಾಯಿಲೆಯೋ ತಿಳಿಯುತ್ತಿಲ್ಲ. ಅಮ್ಮನಿಗೆ ಹೇಳಿದರೆ ‘ಮನಸ್ಸು ಗಟ್ಟಿ ಮಾಡಿಕೋ’ ಎನ್ನುತ್ತಾರೆ. ಊರಿನವರಿಗೆ ಗೊತ್ತಾಗದಂತೆ ಯಾರನ್ನು ಕಾಣಬಹುದು? ಕೆಲಸ ಬಿಟ್ಟರೆ ಸರಿಹೋಗುತ್ತದೆಯೇ?

ಉತ್ತರ (ಚನ್ನರಾಯಪಟ್ಟಣ, ಸಹಕಾರ ಸಂಘದ ನಿವೃತ್ತ ಕಾರ್ಯದರ್ಶಿ):

ಸಾಲ ಕೊಟ್ಟು ವಸೂಲಿ ಮಾಡುವ ಕೆಲಸದಲ್ಲೇ ಆಯುಷ್ಯ ಕಳೆದವನಾದ್ದರಿಂದ ನಿಮ್ಮ ಪತ್ರದ ಒಂದೊಂದು ಸಾಲೂ ನನಗೆ ಪರಿಚಿತವಾಗಿಯೇ ಕಂಡಿತು. 2018ರಲ್ಲಿ ಬೆಳೆಸಾಲ ಮನ್ನಾ ಘೋಷಣೆಯಾದ ಮೇಲೆ ರೈತರ ದಾಖಲೆಗಳನ್ನು ಹೊಂದಿಸುವ ಹೊರೆಯೂ ‘ನನ್ನ ಹೆಸರು ಯಾಕೆ ಬಂದಿಲ್ಲ’ ಎಂದು ಕೌಂಟರಿನೆದುರು ನಿಂತವರ ಸಂಕಟವೂ ಒಟ್ಟಿಗೆ ಮೈಮೇಲೆ ಬಿದ್ದಾಗ ನಾನೂ ಇದೇ ಸ್ಥಿತಿಯಲ್ಲಿದ್ದೆ.

ದಣಿವೋ ಕಾಯಿಲೆಯೋ ಎಂದು ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ‘ಬರ್ನ್ ಔಟ್’ ಎಂಬುದನ್ನು ಕಾಯಿಲೆಯೆಂದು ಕರೆಯದೆ, ಸರಿಯಾಗಿ ನಿಭಾಯಿಸದೆ ಉಳಿದ ದೀರ್ಘಕಾಲದ ಕೆಲಸದ ಒತ್ತಡದ ಪರಿಣಾಮವೆಂದು ವಿವರಿಸಿತು. ಶಕ್ತಿಯೆಲ್ಲ ಬತ್ತಿದಂತಾಗುವುದು, ಕೆಲಸದ ಮೇಲೆ ಕಹಿ ಹುಟ್ಟುವುದು, ತನ್ನಿಂದ ಏನೂ ಆಗುತ್ತಿಲ್ಲವೆನಿಸುವುದು ಅದರ ಲಕ್ಷಣಗಳು. ಖಿನ್ನತೆ ಇದಕ್ಕಿಂತ ಬೇರೆ. ಅದು ಕೆಲಸದ ಗೇಟಿನ ಬಳಿ ನಿಲ್ಲುವುದಿಲ್ಲ. ರಜೆಯಲ್ಲಿ ನಿಮ್ಮ ಮನಸ್ಸು ಹಗುರಾಗುತ್ತದೆಯೇ ಎಂಬುದನ್ನು ಗಮನಿಸಿ. ಹಾಸನಾಂಬೆಯ ದರ್ಶನಕ್ಕೆಂದು ಮನೆ ತುಂಬ ನೆಂಟರು ಬಂದಿದ್ದಾಗಲೂ ನನಗೆ ಯಾರ ಮುಖ ನೋಡುವುದೂ ಬೇಡವಾಗಿತ್ತು. ಎರಡು ವಾರಕ್ಕೂ ಮೀರಿ, ಬಹುತೇಕ ಎಲ್ಲ ದಿನವೂ ಮನಸ್ಸು ಕುಗ್ಗಿಯೇ ಇದ್ದರೆ, ಅಥವಾ ಮೊದಲು ಇಷ್ಟವಾಗುತ್ತಿದ್ದುದು ಯಾವುದೂ ಈಗ ಬೇಡವೆನಿಸಿದರೆ, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟಿದ್ದರೆ, ವೈದ್ಯರನ್ನು ಕಾಣಲೇಬೇಕು. ನಿಮ್ಮ ಎದೆಬಡಿತಕ್ಕೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ಥೈರಾಯ್ಡ್ ಏರುಪೇರಾದರೂ ರಕ್ತ ಕಡಿಮೆಯಾದರೂ ಎದೆ ಹೀಗೆಯೇ ಬಡಿದುಕೊಳ್ಳಬಹುದು. ಆದ್ದರಿಂದ ಇಸಿಜಿ ಮತ್ತು ರಕ್ತಪರೀಕ್ಷೆ ಮೊದಲು ಆಗಲಿ.

ವೈದ್ಯರು ನನಗೆ ಖಿನ್ನತೆಯ ಮಾತ್ರೆ ಬರೆದರು. ಇಂಥ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ಆರು ವಾರ ಬೇಕು ಎಂಬುದನ್ನು ಅವರು ಮೊದಲೇ ತಿಳಿಸಿದ್ದರಿಂದ ಆರಂಭದ ದಿನಗಳಲ್ಲಿ ನಾನು ಧೈರ್ಯಗೆಡಲಿಲ್ಲ. ಹಗುರಾಯಿತೆಂದು ತಾನೇ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಇನ್ನೊಂದು ಮಾತನ್ನು ನಾನು ಬಹಳ ಯೋಚಿಸಿ ಬರೆಯುತ್ತಿದ್ದೇನೆ. ಗಂಡನ ಆಸ್ಪತ್ರೆ ಖರ್ಚಿಗೆ ಕಂತಿನ ಹಣ ಹೋಗಿಬಿಟ್ಟಿದೆಯೆಂದು ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಾಗ ನಿಮ್ಮ ಹೊಟ್ಟೆಯಲ್ಲಿ ಆಗುವ ಸಂಕಟ ಕಾಯಿಲೆಯಲ್ಲ. ಅದು ನಿಮ್ಮೊಳಗಿನ ಒಳ್ಳೆಯತನ, ಅದನ್ನು ಯಾವ ಮಾತ್ರೆಯೂ ಕಳೆಯಬೇಕಾಗಿಲ್ಲ. ‘ಮನಸ್ಸು ಗಟ್ಟಿ ಮಾಡಿಕೋ’ ಎನ್ನುವವರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಆ ಮಾತನ್ನು ಪಾಲಿಸಲು ಹೊರಟವನು ಕೊನೆಗೆ ಈ ಸಂಕಟವನ್ನೇ ಕೊಂದುಕೊಳ್ಳಬೇಕಾಗುತ್ತದೆ. ನಿದ್ದೆಗೆ ಚಿಕಿತ್ಸೆ ಇದೆ, ಎದೆಬಡಿತಕ್ಕೆ ಚಿಕಿತ್ಸೆ ಇದೆ. ಈ ಸಂಕಟಕ್ಕೆ ಬೇಕಾಗಿರುವುದು ಕೆಲಸದ ರೀತಿಯಲ್ಲಿ ಬದಲಾವಣೆ. ಕತ್ತಲಾದ ಮೇಲೆ ಮನೆಗಳಿಗೆ ಹೋಗುವುದಿಲ್ಲವೆಂದೂ, ನಿಜವಾಗಿ ತೊಂದರೆಯಲ್ಲಿರುವವರಿಗೆ ಕಂತು ಮುಂದೂಡುವ ದಾರಿ ಏನಿದೆಯೆಂದೂ ಮ್ಯಾನೇಜರ್ ಬಳಿ ಸ್ಪಷ್ಟವಾಗಿ, ಸಾಧ್ಯವಾದರೆ ಬರಹದಲ್ಲಿ ಕೇಳಿ. ಕೆಲಸ ಬಿಡುವ ನಿರ್ಧಾರವನ್ನು ಮಾತ್ರ ರಾತ್ರಿ ಮೂರು ಗಂಟೆಯ ಎಚ್ಚರದಲ್ಲಿ ಮಾಡಬೇಡಿ. ನಿದ್ದೆ ಮರಳಿದ ಮೇಲೂ ಬಿಡಬೇಕೆನಿಸಿದರೆ ಬಿಡಿ, ಆಗ ಅದು ನಿಮ್ಮದೇ ನಿರ್ಧಾರವಾಗಿರುತ್ತದೆ.

ಉತ್ತರ (ಮೂಡಿಗೆರೆ, ಶಾಲಾ ಶಿಕ್ಷಕಿ):

ಹೆಂಡತಿಯ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮವರು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವರು. ಒಂದು ಮಳೆಗಾಲದಲ್ಲಿ ಅವರು ಮಾತು ನಿಲ್ಲಿಸಿದರು. ಕಾರಣ ತಿಳಿಯದಿದ್ದುದರಿಂದ ನನ್ನಲ್ಲೇ ಏನೋ ಕೊರತೆಯಿದೆಯೆಂದು ಒಳಗೊಳಗೇ ಬೇಯುತ್ತಿದ್ದೆ. ‘ಇದು ನಿನ್ನ ಮೇಲಿನ ಕೋಪವಲ್ಲ, ನನಗೇ ನನ್ನನ್ನು ತಡೆದುಕೊಳ್ಳಲಾಗುತ್ತಿಲ್ಲ’ ಎಂದು ಅವರು ಒಂದು ರಾತ್ರಿ ಹೇಳಿದ ಮೇಲೆ ಸಮಸ್ಯೆ ಹಾಗೆಯೇ ಇದ್ದರೂ ನಾವಿಬ್ಬರೂ ಅದರ ಒಂದೇ ಬದಿಗೆ ಬಂದೆವು. ಅಣ್ಣಾ, ನಿಮ್ಮ ಮನೆಯಲ್ಲೂ ಆ ಮಾತು ಆದಷ್ಟು ಬೇಗ ಆಗಲಿ. ಅವರು ಕೆಲಸದಿಂದ ಬಂದ ಅರ್ಧ ಗಂಟೆ ಯಾರೂ ಏನನ್ನೂ ಕೇಳುವುದಿಲ್ಲ, ಆಮೇಲೆ ಫೋನನ್ನು ಒಳಗಿಟ್ಟು ಜಗಲಿಯಲ್ಲಿ ಜೊತೆಗೆ ಕೂರುತ್ತೇವೆ ಎಂಬ ಒಪ್ಪಂದ ನಮ್ಮಲ್ಲಿ ಇಂದಿಗೂ ನಡೆಯುತ್ತಿದೆ.

ನಮ್ಮ ಮಲೆನಾಡಿನಲ್ಲಿ ಹೇಳಲೇಬೇಕಾದ ಎರಡು ಸಂಗತಿಗಳಿವೆ. ಚಳಿಗೆಂದು ರಾತ್ರಿ ಕುಡಿದರೆ ಬೇಗ ನಿದ್ದೆ ಹತ್ತುತ್ತದೆ ನಿಜ, ಆದರೆ ಅದರ ಪ್ರಭಾವ ಇಳಿಯುವ ಹೊತ್ತಿಗೆ, ಅಂದರೆ ನೀವು ಹೇಳುವ ಆ ನಡುರಾತ್ರಿಯ ವೇಳೆಗೇ, ಎಚ್ಚರವಾಗುತ್ತದೆ. ಕಾಫಿಯದೂ ಹಾಗೆಯೇ: ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿ ಉಳಿದಿರುತ್ತದೆ. ಕಾಫಿಯ ನಾಡಿನಲ್ಲಿ ಸಂಜೆಯ ಲೋಟ ಬಿಡುವುದು ಕಷ್ಟವೆಂದು ಬಲ್ಲೆ, ಆದರೂ ನಮ್ಮ ಮನೆಯಲ್ಲಿ ಮಧ್ಯಾಹ್ನದ ನಂತರ ಕಷಾಯವೇ.

ಉತ್ತರ (ಚಿಕ್ಕಮಗಳೂರು, ಆಪ್ತಸಮಾಲೋಚಕಿ):

ಎಲ್ಲಿಗೆ ಹೋಗಬೇಕೆಂಬುದನ್ನಷ್ಟೇ ಸೇರಿಸುತ್ತೇನೆ. ಮುಖ ತೋರಿಸಲು ಸಂಕೋಚವಿದ್ದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸೇವೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ನೇರವಾಗಿ ಕಾಣುವುದಾದರೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ, ನಿಮ್ಹಾನ್ಸ್‌ಗೆಂದು ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ನಡೆಸುವ ವ್ಯವಸ್ಥೆಯೂ ಇದೆ. ನಿಮಗೆ ಹತ್ತಿರದ ಆಸ್ಪತ್ರೆಗೆ ಯಾವ ಮಂಗಳವಾರ ಬರುತ್ತಾರೆಂದು ವಿಚಾರಿಸಿಕೊಂಡು ಹೋಗಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ನಿಮಗೆ ಗೋಪ್ಯತೆಯ ಹಕ್ಕು ನೀಡಿದೆ. ನಿಮ್ಮ ಒಪ್ಪಿಗೆಯಿಲ್ಲದೆ ಆಸ್ಪತ್ರೆಯವರು ತಾವಾಗಿಯೇ ಕಚೇರಿಯವರಿಗೆ ತಿಳಿಸುವಂತಿಲ್ಲ.

ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಿಂದ ನಿದ್ದೆ ಮಾತ್ರೆ ತರಬೇಡಿ, ಅವುಗಳಲ್ಲಿ ಹಲವು ಅಭ್ಯಾಸವಾಗಿಬಿಡುತ್ತವೆ. ಬದುಕೇ ಬೇಡವೆಂಬ ಯೋಚನೆ ಬಂದ ದಿನ ಮಾತ್ರ ಮಂಗಳವಾರಕ್ಕೆ ಕಾಯದೆ ಮನೆಯವರಿಗೆ ಹೇಳಿ, ಅಂದೇ ಆಸ್ಪತ್ರೆಗೆ ಬನ್ನಿ.

ಕೇಳಿದವರಿಂದ:

ಎಲ್ಲರಿಗೂ ನಮಸ್ಕಾರ. ಹೆಂಡತಿಗೆ ಹೇಳಿದೆ, ಅವಳೇ ಆಸ್ಪತ್ರೆಗೆ ಜೊತೆಗೆ ಬರುತ್ತಾಳಂತೆ. ರಜೆಗೆ ವೈದ್ಯರ ಪ್ರಮಾಣಪತ್ರ ಕೊಡಬೇಕಾದರೆ ಕಾಯಿಲೆಯ ಹೆಸರು ಕಚೇರಿಗೆ ತಿಳಿಯುವುದಿಲ್ಲವೇ?

ಉತ್ತರ (ಆಪ್ತಸಮಾಲೋಚಕಿ):

ಪ್ರಮಾಣಪತ್ರ ಬರೆಯುವ ಮೊದಲೇ ಈ ಆತಂಕವನ್ನು ವೈದ್ಯರಿಗೆ ತಿಳಿಸಿ. ಅದರಲ್ಲಿ ಎಷ್ಟು ವಿವರ ಬೇಕು, ವಿಶ್ರಾಂತಿಯ ಅಗತ್ಯವಿದೆಯೆಂದಷ್ಟೇ ಬರೆದರೆ ಸಾಕೇ ಎಂಬುದನ್ನು ಅವರೊಡನೆ ಕುಳಿತು ತೀರ್ಮಾನಿಸಬಹುದು. ಹೋಗುವಾಗ ನಿದ್ದೆ ಬಂದ ಹಾಗೂ ಎಚ್ಚರವಾದ ವೇಳೆ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಎದೆ ಬಡಿದುಕೊಂಡ ಸಂದರ್ಭಗಳು ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಏಕೆಂದರೆ ಹೊರರೋಗಿ ವಿಭಾಗದ ಗದ್ದಲದಲ್ಲಿ ಮುಖ್ಯವಾದುದೇ ಮರೆತುಹೋಗುವುದುಂಟು.