ಗಾಳಿ ಇಲ್ಲ, ಆದರೂ ಅಲೆಯ ಎಚ್ಚರಿಕೆ ಬಂದಿದೆ: ಯಾವುದನ್ನು ನಂಬಬೇಕು?

ಗಂಗೊಳ್ಳಿ_ಹುಡುಗ:

ಎಲ್ಲರಿಗೂ ನಮಸ್ಕಾರ. ಅಪ್ಪನದು ಔಟ್‌ಬೋರ್ಡ್ ಎಂಜಿನ್ ಇರುವ ಫೈಬರ್ ದೋಣಿ. ಬೆಳಗಿನ ಜಾವ ಗಂಗೊಳ್ಳಿ ಅಳಿವೆ (ಹೊಳೆ ಕಡಲಿಗೆ ಸೇರುವ ಬಾಯಿ) ದಾಟಿ ಹೋಗುತ್ತಾರೆ. ಹತ್ತು ಮಾರು (ಸುಮಾರು 18 ಮೀಟರ್) ಆಳದ ಆಸುಪಾಸಿನಲ್ಲಿ ಬಲೆ ಬಿಟ್ಟು, ಮಧ್ಯಾಹ್ನದೊಳಗೆ ವಾಪಸ್ ಬರುತ್ತಾರೆ. ಹವಾಮಾನದ ಮೆಸೇಜ್ ಓದಿ ಹೇಳುವುದು ಮನೆಯಲ್ಲಿ ನನ್ನ ಕೆಲಸ.

ನಿನ್ನೆ ಸಂಜೆ, ಸಮುದ್ರದ ಮುನ್ಸೂಚನೆ ಕೊಡುವ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್‌ನ ಮೆಸೇಜ್ ಬಂತು. ಬೈಂದೂರಿನಿಂದ ಕಾಪುವರೆಗೆ ಅಲೆ 1.5 ಮೀಟರ್, ಅವಧಿ 16 ಸೆಕೆಂಡ್, ಸಣ್ಣ ದೋಣಿಗಳು ದಡದ ಹತ್ತಿರ ಜಾಗ್ರತೆಯಾಗಿರಬೇಕು ಅಂತ. ಫೋನಿನ ಆ್ಯಪ್ ನೋಡಿದರೆ ಗಾಳಿ ಬರೀ 6 ನಾಟ್, ಎಲ್ಲ ಹಸಿರು ಬಣ್ಣ. ಅಪ್ಪ ಹೊರಗೆ ಬಂದು ಆಕಾಶ ನೋಡಿ, "ಗಾಳಿಯೇ ಇಲ್ಲ, ಎಂಥ ಎಚ್ಚರಿಕೆ ಮಾರಾಯ?" ಎಂದರು. ಒಂದೂವರೆ ಮೀಟರ್ ಅಲೆ ಅವರಿಗೆ ದೊಡ್ಡದೂ ಅಲ್ಲ. ಹಾಗಾದರೆ ಎಚ್ಚರಿಕೆ ಯಾಕೆ? ಈ 16 ಸೆಕೆಂಡ್ ಅಂದರೆ ಏನು? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಶರಾವತಿ_ಸೆಕೆಂಡ್‌ಮೇಟ್:

ಆ್ಯಪ್ ಹೇಳಿದ್ದೂ ಸರಿ, ಇನ್‌ಕಾಯ್ಸ್ ಹೇಳಿದ್ದೂ ಸರಿ. ಆ್ಯಪ್ ನಿಮ್ಮ ಊರಿನ ಗಾಳಿ ಹೇಳಿತು. ಇನ್‌ಕಾಯ್ಸ್, ಎಲ್ಲೋ ದೂರದಲ್ಲಿ ಬೀಸಿದ ಗಾಳಿ ಎಬ್ಬಿಸಿದ ಅಲೆಯ ಸುದ್ದಿ ಹೇಳಿತು.

ನಾನು ಹೊನ್ನಾವರದವನು, ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್. ಬುಲೆಟಿನ್ ಓದಿ ದಾರಿ ಗುರುತು ಹಾಕುವುದೇ ನನ್ನ ಕೆಲಸ. ಅಲೆಯ ಎಚ್ಚರಿಕೆ ಬಂದರೆ ಮೊದಲು ಸೆಕೆಂಡ್ ನೋಡುತ್ತೇನೆ, ಆಮೇಲೆ ಎತ್ತರ. ನಮ್ಮ ಕಡೆ ಎಲ್ಲರೂ ಎತ್ತರ ಓದಿ ಫೋನ್ ಕೆಳಗಿಡುತ್ತಾರೆ. ಅದು ನನಗೆ ನಿಜವಾಗಿಯೂ ಚಿಂತೆಯ ವಿಷಯ.

ಒಂದು ಅಲೆಯ ತಲೆ ದಾಟಿದ ಮೇಲೆ ಮುಂದಿನ ತಲೆ ಬರುವವರೆಗಿನ ಹೊತ್ತೇ ಅವಧಿ. ಮಧ್ಯಾಹ್ನದ ಕಡಲ ಗಾಳಿ ಎಬ್ಬಿಸುವ ಅಲೆ ನಾಲ್ಕರಿಂದ ಆರು ಸೆಕೆಂಡಿನದು. ನಿಮ್ಮ 16 ಸೆಕೆಂಡಿನ ಅಲೆ ದಕ್ಷಿಣ ಹಿಂದೂ ಮಹಾಸಾಗರದ ಯಾವುದೋ ತೂಫಾನಿನಿಂದ ಹೊರಟದ್ದು. ದಿನಕ್ಕೆ ಸುಮಾರು ಸಾವಿರ ಕಿ.ಮೀ. ಓಡಿ ಬರುತ್ತದೆ. ಅಲ್ಲಿ ತೂಫಾನು ಅಡಗಿ ದಿನಗಳಾದ ಮೇಲೆ ಇಲ್ಲಿ ಅಲೆ ಬಂದು ಮುಟ್ಟುತ್ತದೆ. ಅಷ್ಟು ಹೊತ್ತಿಗೆ ಇಲ್ಲಿ ಆಕಾಶ ನೀಲಿ, ಗಾಳಿ ಸೊನ್ನೆ. ಕೇರಳದ ಮೀನುಗಾರರು ಇದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ. ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ ಜಾಸ್ತಿ.

ಅಪ್ಪ ಬಲೆ ಬಿಡುವ ಹತ್ತು ಮಾರು ನೀರಿನಲ್ಲಿ ಈ ಅಲೆ ಏನೂ ಮಾಡುವುದಿಲ್ಲ. ದೋಣಿ ನಿಧಾನ ಏರುತ್ತದೆ, ನಿಧಾನ ಇಳಿಯುತ್ತದೆ. ತೊಂದರೆ ಇರುವುದು ಅಳಿವೆಯಲ್ಲಿ. ಆಳ ಕಡಿಮೆಯಾದಂತೆ ಉದ್ದ ಅವಧಿಯ ಅಲೆ ಮೇಲೆ ಎದ್ದು ನಿಲ್ಲುತ್ತದೆ. ಲೆಕ್ಕ ಹಾಕಿ ನೋಡಿ: ಒಂದೂವರೆ ಮೀಟರಿನ 6 ಸೆಕೆಂಡ್ ಅಲೆ ಮೂರು ಮೀಟರ್ ಆಳಕ್ಕೆ ಬಂದರೂ ಹೆಚ್ಚುಕಮ್ಮಿ ಒಂದೂವರೆ ಮೀಟರೇ ಇರುತ್ತದೆ. ಅದೇ ಎತ್ತರದ 16 ಸೆಕೆಂಡ್ ಅಲೆ ಅಲ್ಲಿಗೆ ಬರುವಾಗ ಎರಡು ಕಾಲು ಮೀಟರ್ ಆಗಿರುತ್ತದೆ. ಅಲೆಯ ಎತ್ತರ ನೀರಿನ ಆಳದ ಮುಕ್ಕಾಲು ಭಾಗ ಮುಟ್ಟಿದರೆ ಅಲೆ ಒಡೆಯುತ್ತದೆ. ಅಂದರೆ ಸರಿಯಾಗಿ ಆ ಮೂರು ಮೀಟರ್ ಹತ್ತಿರ, ನಿಮ್ಮ ಅಳಿವೆಯ ಮರಳು ದಿಬ್ಬದ ಮೇಲೆ.

ಇನ್ನೊಂದು ವಿಷಯ. ವರದಿಯ 1.5 ಮೀಟರ್ ಅತಿ ದೊಡ್ಡ ಅಲೆಯ ಅಳತೆ ಅಲ್ಲ. ಎಲ್ಲ ಅಲೆಗಳಲ್ಲಿ ದೊಡ್ಡವಾದ ಮೂರನೇ ಒಂದು ಭಾಗ ತೆಗೆದುಕೊಂಡು, ಅದರ ಸರಾಸರಿ ಹೇಳುತ್ತಾರೆ. ಕೆಲವು ಗಂಟೆ ಕಾದರೆ ಅದರ ಎರಡು ಪಟ್ಟಿನ ಹತ್ತಿರದ್ದೂ ಒಂದು ಬರುತ್ತದೆ. ಆ ಒಂದು ಬರುವಾಗ ಅಪ್ಪನ ದೋಣಿ ಎಲ್ಲಿದೆ ಅನ್ನುವುದೇ ಮುಖ್ಯ.

ಅಪ್ಪನಿಗೆ ಮಾತಲ್ಲಿ ಹೇಳಬೇಡಿ, ಕರೆದುಕೊಂಡು ಹೋಗಿ ತೋರಿಸಿ. ಕಲ್ಲಿನ ತಡೆಗೋಡೆಯ ಹತ್ತಿರ ನಿಂತು, ನೀರಿನಲ್ಲಿ ತೇಲುವ ಏನಾದರೊಂದನ್ನು ಕಣ್ಣಲ್ಲೇ ಗುರುತು ಮಾಡಿಕೊಳ್ಳಿ, ಬಲೆಯ ಬೆಂಡು ಆದರೂ ಸಾಕು. ಅದು ಮೇಲೆ ಬಂದಾಗ ಗಡಿಯಾರ ನೋಡಿ. ಆಮೇಲೆ ಅದು ಮತ್ತೆ ಹತ್ತು ಸಲ ಮೇಲೆ ಬರುವವರೆಗೆ ಎಣಿಸಿ, ಒಟ್ಟು ಸೆಕೆಂಡನ್ನು ಹತ್ತರಿಂದ ಭಾಗಿಸಿ. ಮೊದಲು ಬರುವುದು ಉದ್ದ ಅವಧಿಯ ಅಲೆ, 18 ಸೆಕೆಂಡ್ ಇರಬಹುದು, ಎತ್ತರ ಕಮ್ಮಿ. ಆಮೇಲೆ ಅವಧಿ ಇಳಿಯುತ್ತಾ ಎತ್ತರ ಏರುತ್ತದೆ. ಆದ್ದರಿಂದ ಮೊದಲ ದಿನ ಸಮುದ್ರ ಸುಮ್ಮನಿದ್ದಂತೆ ಕಂಡರೆ ಎಚ್ಚರಿಕೆ ಸುಳ್ಳು ಅಂತ ತಿಳಿಯಬೇಡಿ.

ಮಲ್ಪೆ_ಬೋಟು:

ಸೆಕೆಂಡ್ ಮೇಟ್ ಹೇಳಿದ್ದು ಸರಿಯುಂಟು. ಅದಕ್ಕೆ ಇಳಿತದ ಲೆಕ್ಕವನ್ನೂ ಸೇರಿಸಿ ಮಾರಾಯ್ರೆ. ಹೊಳೆಯ ನೀರು ಹೊರಗೆ ಓಡುವಾಗ ಎದುರಿನಿಂದ ಅಲೆ ಬಂದರೆ ಅದು ಗೋಡೆಯ ಹಾಗೆ ನಿಲ್ಲುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಇಳಿತದ ಸೆಳೆತ ಇನ್ನೂ ಜೋರು. ಗಂಗೊಳ್ಳಿಯಲ್ಲಿ ಐದು ಹೊಳೆಗಳ ನೀರು ಒಂದೇ ಬಾಯಿಯಿಂದ ಹೊರಗೆ ಬರುತ್ತದೆ, ಅಲ್ವಾ?

ಹೋಗುವಾಗಿನದಕ್ಕಿಂತ ಬರುವಾಗಿನ ಹೊತ್ತು ನೋಡಬೇಕು. ಹೋಗುವಾಗ ಅಲೆ ಕಣ್ಣೆದುರು ಬರುತ್ತದೆ, ಮೂತಿ ಕೊಟ್ಟು ದಾಟಬಹುದು. ಬರುವಾಗ ಹಿಂದಿನಿಂದ ಬರುತ್ತದೆ. ದೋಣಿಯ ಹಿಂಭಾಗ ಎತ್ತುತ್ತದೆ, ಮುಂಭಾಗ ನೀರಿಗೆ ಹೊಕ್ಕುತ್ತದೆ, ದೋಣಿ ಅಡ್ಡ ತಿರುಗುತ್ತದೆ. ಬಲೆ, ಮೀನು ತುಂಬಿದ್ದರೆ ತಿರುಗಿಸಿಕೊಳ್ಳಲು ಟೈಮೇ ಸಿಗುವುದಿಲ್ಲ. ಮಧ್ಯಾಹ್ನ ಬರುವುದು ಅಂತಾದರೆ ಆಗ ಇಳಿತವೋ ಉಬ್ಬರವೋ ಮೊದಲೇ ನೋಡಿ ಇಟ್ಟುಕೊಳ್ಳಿ. ಇಳಿತ ಇದ್ದರೆ ಹೊರಗೇ ಕಾಯಲಿ, ನೀರು ಏರಲು ಶುರುವಾದ ಮೇಲೆ ಬರಲಿ. ದೊಡ್ಡ ಅಲೆಗಳು ಸಾಲಾಗಿ ಬರುತ್ತವೆ. ಆ ಸಾಲು ದಾಟಲು ಬಿಟ್ಟು ಹಿಂದೆಯೇ ಒಳಗೆ ನುಗ್ಗಬೇಕು. ಲೈಫ್ ಜಾಕೆಟ್ ಅಳಿವೆಗೆ ಬರುವ ಮೊದಲೇ ಹಾಕಿಕೊಂಡಿರಬೇಕು.

ಗಂಗೊಳ್ಳಿ_ಹುಡುಗ:

ತುಂಬಾ ಉಪಕಾರವಾಯಿತು. ಇವತ್ತು ಅಪ್ಪ ಇಲ್ಲೇ ಪಕ್ಕದಲ್ಲಿ ಕೂತು ಇದನ್ನೆಲ್ಲ ಓದಿಸಿಕೊಂಡರು. "ಇಳಿತದ ಮಾತು ಹೇಳಿದವರು ಕಡಲು ಕಂಡವರು" ಎಂದರು.

ಇನ್ನೊಂದು ಕೇಳಲಾ? ಭಾವ ಟ್ರಾಲ್ ಬೋಟಿನಲ್ಲಿ ತಂಡೇಲ, ಅಂದರೆ ಬೋಟು ನಡೆಸುವವರು. ವಾರದ ಹತ್ತಿರ ಹೊರಗೇ ಇರುತ್ತಾರೆ. ಅವರಿಗೆ ಬರುವ ಮೆಸೇಜ್ ಬೇರೆ ತರ: "ಗಾಳಿ ಗಂಟೆಗೆ 45–55 ಕಿ.ಮೀ., ಆಗಾಗ 65". ಅವರ ಬೋಟಿನಲ್ಲಿ ಎಲ್ಲ ನಾಟ್ ಲೆಕ್ಕ. ಅದು ಎಷ್ಟು ಕೆಟ್ಟದ್ದು?

ಶರಾವತಿ_ಸೆಕೆಂಡ್‌ಮೇಟ್:

ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ಹಾಗಾಗಿ 45–55 ಅಂದರೆ 24ರಿಂದ 30 ನಾಟ್, ಬೀಸು ಬಂದಾಗ 35. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. 20 ನಾಟ್ 30 ಆದರೆ ಹೊಡೆತ ಎರಡು ಪಟ್ಟಿಗೂ ಜಾಸ್ತಿ. ಹವಾಮಾನ ಇಲಾಖೆ ಇಂಥ ಗಾಳಿ ಹೇಳಿದರೆ ಕಡಲಿಗೆ ಇಳಿಯಬೇಡಿ ಅಂತಲೇ ಅರ್ಥ.

ಭಾವನವರು ಅಕ್ಟೋಬರ್, ನವೆಂಬರ್, ಮತ್ತೆ ಮೇ ತಿಂಗಳಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಗಾಳಿ 17ರಿಂದ 27 ನಾಟ್ ಇದ್ದರೆ ವಾಯುಭಾರ ಕುಸಿತ, 28ರಿಂದ 33 ಇದ್ದರೆ ತೀವ್ರ ವಾಯುಭಾರ ಕುಸಿತ, 34 ಆದರೆ ಚಂಡಮಾರುತ. ಒಂದರಿಂದ ಇನ್ನೊಂದಕ್ಕೆ ಏರಲು ಹೊತ್ತು ಬೇಕಿಲ್ಲ. 2017ರ ನವೆಂಬರ್ 29ರ ಬೆಳಿಗ್ಗೆ ಒಖಿ ಬರೀ ವಾಯುಭಾರ ಕುಸಿತವಾಗಿತ್ತು, 30ರ ಬೆಳಿಗ್ಗೆ ಚಂಡಮಾರುತ. ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ಆಗಲೇ ಹೊರಗಿದ್ದರು. ಎಷ್ಟೋ ಜನ ಮನೆಗೆ ವಾಪಸ್ ಬರಲಿಲ್ಲ.

ಬುಲೆಟಿನ್‌ನಲ್ಲಿ ಯುಟಿಸಿ (ಅಂತಾರಾಷ್ಟ್ರೀಯ) ಟೈಮ್ ಇದ್ದರೆ ಐದೂವರೆ ಗಂಟೆ ಕೂಡಿಸಬೇಕು. 0300 ಅಂದರೆ ನಮ್ಮ ಬೆಳಿಗ್ಗೆ ಎಂಟೂವರೆ. ದಿಕ್ಕೂ ಅಷ್ಟೇ ಮುಖ್ಯ: ಗಾಳಿಗೆ ಬರುವ ದಿಕ್ಕು ಹೇಳುತ್ತಾರೆ, ನೀರಿನ ಸೆಳೆತಕ್ಕೆ ಹೋಗುವ ದಿಕ್ಕು.

ದೂರದಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ. ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್ ಯಾವಾಗಲೂ ತೆರೆದಿರಲಿ. ಉಪಗ್ರಹದಿಂದ ಎಚ್ಚರಿಕೆ ಹಿಡಿದು ಬ್ಲೂಟೂತ್‌ನಲ್ಲಿ ಫೋನಿಗೆ ಕೊಡುವ ಜೆಮಿನಿ ಅನ್ನುವ ಪೆಟ್ಟಿಗೆ 2019ರಲ್ಲಿ ಬಂತು. ಅವರ ಬೋಟಿನಲ್ಲಿ ಅದು ಇದೆಯಾ ಕೇಳಿ. ದಡದಲ್ಲಿರುವ ನಿಮಗೆ ಅವರ ಸುದ್ದಿಯೇ ಇಲ್ಲದಿದ್ದರೆ ಕೋಸ್ಟ್ ಗಾರ್ಡ್‌ನ 1554ಕ್ಕೆ ಫೋನ್ ಮಾಡಿ.

ಕೊನೆಗೆ ಗಂಟೆಯ ಲೆಕ್ಕ. ಬೋಟು ಏಳು ನಾಟ್ ಓಡಿದರೆ 60 ನಾಟಿಕಲ್ ಮೈಲಿಗೆ ಎಂಟೂವರೆ ಗಂಟೆ ಬೇಕು, ಎದುರುಗಾಳಿ ಇದ್ದರೆ ಇನ್ನೂ ಜಾಸ್ತಿ. ಗಾಳಿ ಏರುವ ಹೊತ್ತಿಗೆ ಬಂದರಿನೊಳಗೆ ಇರಬೇಕಾದರೆ ಎಷ್ಟು ಗಂಟೆಗೆ ಬಲೆ ಎಳೆಯಬೇಕು, ಅದನ್ನು ಮೆಸೇಜ್ ಬಂದ ಕೂಡಲೇ ಲೆಕ್ಕ ಹಾಕಲಿ. ಊರಿಗೇ ಬರಬೇಕು ಅಂತಿಲ್ಲ. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಬೇರೆ ರಾಜ್ಯದ ಬೋಟುಗಳೂ ಕಾರವಾರಕ್ಕೆ ಬಂದು ನಿಂತಿದ್ದವು. ಕಾರವಾರವೋ ಮಲ್ಪೆಯೋ, ಯಾವುದು ಹತ್ತಿರವೋ ಅಲ್ಲಿಗೆ ಹೋಗಲಿ.